ಹೊಸಿಲಾಚೆ ಮೂರು ಸೆಕೆಂಡು

ಅದರ ಹೆಸರು ರುಪುತ್ಸಿಸ್. ಅಂದರೆ ನೆಲಗಪ್ಪೆ.
ಇಟ್ಟವರು ಯಾರೋ, ನಾನಲ್ಲ.
ನಾಯಿಮನೆಯ ಹೆಂಗಸು ಹಗ್ಗ ಕೈಗಿಡುತ್ತ ಹೇಳಿದ್ದಿಷ್ಟೆ:
ಒಳ್ಳೆಯ ನಾಯಿ. ಒಂಟಿ ಬಿಡಬೇಡಿ.

ರೀಗಾದಲ್ಲಿ ಟ್ರಾಮ್ ಓಡಿಸುವವಳು ನಾನು,
ಒಂಟಿ ಬಿಡದೆ ಆಗುತ್ತದೆಯೇ?
ಮೊದಲ ವಾರವೇ ಬಾಗಿಲ ಚೌಕಟ್ಟಿನ ಬಣ್ಣ ಹೋಯಿತು,
ಎಡಗಾಲಿನ ಬೂಟು ಹೋಯಿತು
(ಬಲಗಾಲಿನದನ್ನು ಮೂಸಿಯೂ ಇರಲಿಲ್ಲ, ಸಿಟ್ಟು ಅದಕ್ಕೇ).
ಬಾಗಿಲಡಿ ತೂರಿ ಬಂತು ಕೆಳಮನೆಯ ಒಸ್ವಾಲ್ಡ್ಸ್ ಅವರ ಚೀಟಿ:
"ನಿಮ್ಮ ನಾಯಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರ ತನಕ
ಒಂದೇ ಮಾತು ಹೇಳುತ್ತದೆ. ನನಗೀಗ ಬಾಯಿಪಾಠ."

ಬೈದೆ. ಪತ್ರಿಕೆ ಸುರುಳಿ ಸುತ್ತಿ ಎತ್ತಿದೆ.
ಎತ್ತಿದ ಕೈ ಕಂಡದ್ದೇ ಅದು
ಹಿಂಡಿ ಬಿಸುಟ ಬಟ್ಟೆಯಾಯಿತು ನೆಲದ ಮೇಲೆ.
ಆ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ
ತಲೆ ಕೆರೆದುಕೊಂಡೆ.

ದಾರಿ ತೋರಿದವಳು ಡಿಪೋದ ಮೆಕ್ಯಾನಿಕ್ ಮಿರ್ದ್ಜಾ,
ಮೂರು ಮುದಿನಾಯಿಗಳನ್ನು ದಡ ಸೇರಿಸಿದವಳು.
ಅದು ಹಟವಲ್ಲ ಕಣೇ, ಹೆದರಿಕೆ.
ಮೊದಲು ಕೀಲಿಕೈಯಿಂದ ಅರ್ಥ ಕಳಚು.
ಎತ್ತು, ಇಡು. ಹೋಗಬೇಡ.
ಕೋಟು ತೊಡು, ಕೂತು ಆಲೂಗೆಡ್ಡೆ ಸುಲಿ.
ಗಿಲಕ್ ಅಂದರೆ ಅಗಲಿಕೆಯಲ್ಲ, ಬರೀ ಗಿಲಕ್
ಅನ್ನಿಸುವ ತನಕ.
ಅಲ್ಲಿಯವರೆಗೆ ಹಗಲು ನನ್ನ ಹತ್ತಿರವಿರಲಿ, ಎಣ್ಣೆ ನಾತದಲ್ಲಿ.

ನೂರು ಸಲ ಎತ್ತಿದೆ, ನೂರು ಸಲ ಇಟ್ಟೆ.
ಕೋಟಿನಲ್ಲೇ ಸೂಪು ಕುಡಿದೆ.

ಆಮೇಲೆ ಹೊಸಿಲು.
ಒಂದು ಸೆಕೆಂಡು ಆಚೆ, ಮರಳಿ ಒಳಗೆ.
ಮೂರು. ಎರಡು. ಐದು.
ಅಳು ಹುಟ್ಟುವ ಮೊದಲೇ ಮರಳಬೇಕು,
ಮರಳಿದಾಗ ಮೆರವಣಿಗೆ ಕೂಡದು,
ನೀರು ಕುಡಿಯಲೆದ್ದವಳು ಬಂದ ಹಾಗೆ ಬರಬೇಕು.

ಹೀಗೆ ನನ್ನದೇ ಬಾಗಿಲಾಚೆ, ಮೆಟ್ಟಿಲ ಮೇಲೆ, ಸಂಜೆಗಳು.
ಗೋಡೆಯ ಹಸಿರು ಬಣ್ಣದಲ್ಲಿ ಯಾರೋ
ಮೊಳೆಯಿಂದ ಕೊರೆದ ಹಡಗು.
ಹನ್ನೊಂದು ವರ್ಷ ಹತ್ತಿಳಿದರೂ ಕಂಡಿರಲಿಲ್ಲ.

ಜಗಳಕ್ಕೆಂದೇ ಹತ್ತಿ ಬಂದ ಒಸ್ವಾಲ್ಡ್ಸ್
ನನ್ನ ಪಿಸುಗುಟ್ಟುವ ಲೆಕ್ಕ ಕೇಳಿ ಸುಮ್ಮನೆ ಇಳಿದರು.
ಮರುದಿನ ಕೊರಳಲ್ಲಿ ಸ್ಟಾಪ್‌ವಾಚು!
ಮೂವತ್ತು ವರ್ಷ ಮಕ್ಕಳಿಗೆ ಈಜು ಕಲಿಸಿದವರಂತೆ.
"ನಾಲ್ಕು ನಿಮಿಷ. ಇವತ್ತಿಗೆ ಸಾಕು.
ಉಸಿರು ಕಟ್ಟುವ ಮುನ್ನ ದಡಕ್ಕೆ ತರಬೇಕು."
ಅವರು ಮೇಲೆ ಹತ್ತುವುದನ್ನು ದಿನಾ ಕಂಡೆ,
ಬೀದಿಗಿಳಿದದ್ದನ್ನು ಮಾತ್ರ ಕಾಣೆ.
ಬ್ರೆಡ್ಡು, ಹಾಲು, ಮಾತ್ರೆ, ಎಲ್ಲ
ಅಂಗಡಿ ಹುಡುಗಿಯೇ ಬಾಗಿಲಿಗೆ ತಂದಿಡುತ್ತಾಳೆ.

ನವೆಂಬರ್ ಹದಿನೆಂಟು, ನದಿಯ ಮೇಲೆ ನಾಡಹಬ್ಬದ ಸಿಡಿಮದ್ದು.
ನೆಲಗಪ್ಪೆ ಸ್ನಾನದ ತೊಟ್ಟಿಯಲ್ಲಿ ರಾತ್ರಿಯಿಡೀ ನಡುಗಿತು.
ಹದಿನೇಳು ನಿಮಿಷಕ್ಕೆ ಮುಟ್ಟಿದ್ದೆವು.
ಹತ್ತೊಂಬತ್ತರಂದು ಮತ್ತೆ ಮೂರು ಸೆಕೆಂಡು.
ಒಸ್ವಾಲ್ಡ್ಸ್ ಒಂದು ಬೈಗುಳ ನುಂಗಿ
ಗುಂಡಿ ಒತ್ತಿ ಸೊನ್ನೆ ಮಾಡಿದರು.

ಫೆಬ್ರವರಿಗೆ ನಲವತ್ತು.
ನಲವತ್ತು ನಿಮಿಷ ಕೈಗೆ ಸಿಕ್ಕರೆ ಎಲ್ಲಿಗೆ ಹೋಗಬೇಕು?
ಸಂತೆಯಲ್ಲಿ ಹೊಗೆಮೀನಿನ ಮುಂದೆ ನಿಂತೆ, ಕೊಳ್ಳಲಿಲ್ಲ.
ಬೂಟು ಕೊಂಡೆ. ಮನೆಯಲ್ಲೀಗ ಬಲಗಾಲಿನವು ಎರಡು.
ಬಂದಾಗ ಅದು ಒಂದು ಕಣ್ಣು ತೆರೆದು ಮುಚ್ಚಿತು,
ಕಂಬಳಿಯಡಿ ಬಾಲ ಎರಡು ಸಲ ಬಡಿಯಿತು.
ಡೊಂಕು ಡೊಂಕಾಗಿಯೇ ಇತ್ತು, ಇರಲಿ.

ಸುದ್ದಿ ಹೇಳಲು ಕೆಳಗಿಳಿದೆ.
ತಟ್ಟಲೆಂದು ಕೈ ಎತ್ತಿದಾಗ
ಒಳಗೆ ಗಿಲಕ್.
ಎತ್ತಿದ ಸದ್ದು. ಇಟ್ಟ ಸದ್ದು.
ಸ್ವಲ್ಪ ತಡೆದು ಮತ್ತೆ
ಎತ್ತಿದ ಸದ್ದು.

ತಟ್ಟಲಿಲ್ಲ. ಅವರ ಮೆಟ್ಟಿಲ ಮೇಲೆ ಕೂತು,
ಕೇಳಿಸದ ಹಾಗೆ,
ಎಣಿಸತೊಡಗಿದೆ.